ದೀಪ ಇಲ್ಲದ ಊರಿಗೂ ಒಂದು ನಕ್ಷೆ ಇದೆ

ಟೊಮೆಟೊ ರೇಟು, ಊಜಿ ನೊಣ, ಡ್ರಿಪ್ಪು ಎಲ್ಲಾ ಬಿಟ್ಟು ಇವತ್ತು ಬೇರೆ ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ನಿಧಾನವಾಗಿ ಓದಿ.

ವಿಷಯ ನಮ್ಮೂರ ಪಕ್ಕದ ಬೇಚರಾಕ್ ಗ್ರಾಮ.

ನಮ್ಮ ಹೋಳೂರು ಹೋಬಳಿ ಅಂತಲ್ಲ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಕಡೆ ಹೋದರೂ ಇಂಥಾ ಊರು ಸಿಗುತ್ತೆ. ಪಹಣಿ ತೆಗೆಸಿದರೆ ಗ್ರಾಮ ಅನ್ನೋ ಕಡೆ ಅದರ ಹೆಸರು ಇರುತ್ತೆ. ಸರ್ವೆ ನಂಬರು ಇರುತ್ತೆ, ನಕ್ಷೆ ಇರುತ್ತೆ. ಜಾಗಕ್ಕೆ ಹೋಗಿ ನೋಡಿದರೆ ಮನೆ ಇಲ್ಲ, ಬೀದಿ ಇಲ್ಲ, ಕರೆಂಟ್ ಕಂಬ ಇದ್ದರೆ ಅದು ಬೋರ್‌ವೆಲ್‌ಗೆ ಬಂದಿರೋದು. ನಾವು ಹಾಳೂರು ಅಂತೀವಿ, ತೆಲುಗು ಮಾತಾಡೋರು ಪಾಡೂರು ಅಂತಾರೆ. ರೆವಿನ್ಯೂ ಇಲಾಖೆಯೋರು ಬೇಚರಾಕ್ ಅಂತ ಬರೀತಾರೆ. ಅದು ಪಾರ್ಸಿ ಮಾತು. ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪ ಹಚ್ಚೋರು ಯಾರೂ ಇಲ್ಲದ ಊರು ಅಂತ ಅರ್ಥ.

ನಮ್ಮ ಹಾಳೂರಿನಲ್ಲಿ ಉಳಿದಿರೋದು ಇಷ್ಟು. ಒಂದು ದಿನ್ನೆ, ಅಲ್ಲಿ ಉಳುಮೆ ಮಾಡಿದರೆ ಈಗಲೂ ಕೆಂಪು ಮಡಕೆ ಚೂರು ಮೇಲೆ ಬರುತ್ತೆ. ದೊಡ್ಡದೊಂದು ಹುಣಸೆ ಮರ. ಊರ ಬಾಗಿಲಿನದು ಅಂತ ಹೇಳೋ ಎರಡು ಕಲ್ಲುಕಂಬ, ಅದರಲ್ಲಿ ಒಂದು ಮಲಗಿದೆ. ಗುಂಡುತೋಪು ಅಂತ ಹೆಸರಿಗೆ ಇರೋ ಜಾಗ. ಒಂದು ಸಣ್ಣ ಕೆರೆ. ಆ ಕೆರೆ ಏರಿ ಮೇಲೆ ಮಾರಮ್ಮ. ಗುಡಿ ಅಂತ ಏನೂ ಇಲ್ಲ, ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ. ನಮ್ಮೂರ ಜಾತ್ರೆ ದಿನ ಹೆಣ್ಣುಮಕ್ಕಳು ತಂಬಿಟ್ಟಿನ ದೀಪ ಹೊತ್ಕೊಂಡು ನಮ್ಮ ದೇವರಿಗೆ ಮಾಡಿದ ಮೇಲೆ ಐದು ದೀಪ ಆ ಮಾರಮ್ಮಂಗೂ ತಗೊಂಡು ಹೋಗ್ತಾರೆ. ಯಾಕೆ ಅಂದರೆ ಮೊದಲಿಂದ ಬಂದಿದ್ದು ಅಂತಾರೆ. ನಮ್ಮಲ್ಲಿ ನಾಲ್ಕೈದು ಮನೆಯೋರು ಮೂಲದಲ್ಲಿ ಆ ಊರಿನವರೇ. ಮನೆ ಇಲ್ಲಿಗೆ ಬಂತು, ದೇವರು ಅಲ್ಲೇ ಉಳೀತು.

ಊರು ಯಾಕೆ ಖಾಲಿ ಆಯಿತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕಳ್ಳರ ಕಾಟ ಅಂತ ಒಬ್ಬರು, ಅಮ್ಮನ ಮುನಿಸು ಅಂತ ಒಬ್ಬರು, ಬಾವಿ ನೀರು ಕೆಟ್ಟಿತು ಅಂತ ಇನ್ನೊಬ್ಬರು. ನಮ್ಮ ಸೀಮೆ ಚರಿತ್ರೆ ನೋಡಿದರೆ ಕಾರಣಕ್ಕೇನೂ ಬರ ಇಲ್ಲ. ಧಾತು ಈಶ್ವರದ ಬರ ಅಂತ ಅಜ್ಜಿಯರು ಹೇಳ್ತಿದ್ದರಲ್ಲ, ಅದು 1876ರಿಂದ 78ರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ಇತ್ತು, 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಅದಾದ ಮೇಲೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಅಲ್ಲಿಂದ ಹಳ್ಳಿಗಳಿಗೂ ಹಬ್ಬಿತು. ಹತ್ತು ಮನೆಯ ಊರಿನಲ್ಲಿ ನಾಲ್ಕು ಮನೆ ಬಾಗಿಲು ಮುಚ್ಚಿದರೆ ಉಳಿದ ಆರು ಮನೆಯೋರು ಎಷ್ಟು ದಿನ ಇರ್ತಾರೆ? ಪಕ್ಕದ ದೊಡ್ಡ ಊರಿಗೆ ಬಂದು ಸೇರ್ಕೊಳ್ತಾರೆ. ಜಮೀನು ಮಾತ್ರ ಅಲ್ಲೇ ಇರುತ್ತೆ, ಬೆಳಿಗ್ಗೆ ಹೋಗಿ ಸಂಜೆ ಬರ್ತಾರೆ. ಇವತ್ತಿಗೂ ಹಾಗೇ ನಡೀತಿದೆ.

ಇಲ್ಲಿವರೆಗೂ ಕಥೆ. ಈಗ ಲೆಕ್ಕಕ್ಕೆ ಬರೋಣ.

ಊರಲ್ಲಿ ಜನ ಇಲ್ಲ ಅಂದ ಮಾತ್ರಕ್ಕೆ ಊರಿನ ಆಸ್ತಿ ಹೋಗಲ್ಲ. ಹಾಳೂರಿನ ಆಕಾರಬಂದ್ ತೆಗೆದು ನೋಡಿ. ಯಾವ ಸರ್ವೆ ನಂಬರು ಎಷ್ಟು ಎಕರೆ, ಅದರಲ್ಲಿ ಖರಾಬು ಎಷ್ಟು ಗುಂಟೆ, ಎಲ್ಲಾ ಬರೆದಿರುತ್ತೆ. ಖರಾಬಿನಲ್ಲಿ ಎರಡು ಥರ. ‘ಎ’ ಖರಾಬು ಅಂದರೆ ಬಂಡೆ, ಕಣ, ಅಂಥದ್ದು, ಬೆಳೆಗೆ ಬಾರದ್ದು. ‘ಬಿ’ ಖರಾಬು ಅಂದರೆ ಸಾರ್ವಜನಿಕದ್ದು. ದಾರಿ, ಹಳ್ಳ, ಕಾಲುವೆ, ಕೆರೆ ಅಂಗಳ ಇವೆಲ್ಲಾ ಅದರಲ್ಲಿ ಬರುತ್ತೆ. ನಮ್ಮ ಪಹಣಿಯಲ್ಲೇ ಬಿ ಖರಾಬು ಎಂಟು ಗುಂಟೆ ಅಂತ ಇದ್ದರೂ ಆ ಎಂಟು ಗುಂಟೆ ನಮ್ಮದಲ್ಲ. ಎಷ್ಟೋ ಜನಕ್ಕೆ ಇದು ಗೊತ್ತು, ಗೊತ್ತಿಲ್ಲದ ಹಾಗೆ ಇರ್ತೀವಿ ಅಷ್ಟೆ.

ಹಾಳೂರಿನ ಕೆರೆಗೆ ಕೋಡಿ ಇದೆ. ಆ ಕೋಡಿಯಿಂದ ಹೊರಟ ಕಾಲುವೆ ನಮ್ಮೂರ ಕೆರೆಗೆ ಬರುತ್ತೆ. ನಮ್ಮ ಕೆರೆ ಕೋಡಿ ಬಿದ್ದರೆ ಕೆಳಗಿನ ಊರಿಗೆ. ಕೋಲಾರದ ಕೆರೆಗಳೆಲ್ಲಾ ಹೀಗೇ ಸರಪಳಿ ಥರ ಕಟ್ಟಿರೋದು, ನಿಮಗೆ ಹೇಳಬೇಕಾಗಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾವೆಲ್ಲಾ ನೋಡೋಕೆ ಹೋಗಿದ್ವಿ. ಮೊದಲ ಹಂತದ್ದು 126 ಕೆರೆ, ದಿನಕ್ಕೆ 440 ದಶಲಕ್ಷ ಲೀಟರ್ ಅಂತ ಯೋಜನೆ. ಆ ನೀರಿನ ಗುಣ ಹೇಗಿದೆ ಅನ್ನೋ ಜಗಳ ಇಲ್ಲಿ ಬೇಡ, ಅದನ್ನ ಬೇರೆ ದಿನ ಬರೀತೀನಿ. ನಾನು ಹೇಳೋದು ದಾರಿ ವಿಷಯ. ಪೈಪು ಪಂಪು ಇರೋ ಕಡೆ ಬಿಟ್ಟರೆ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ನೀರು ಹೋಗಿದ್ದು ಹಳೇ ಕೋಡಿ, ಹಳೇ ಕಾಲುವೆಯಲ್ಲೇ. ನೂರಾರು ವರ್ಷದ ಹಿಂದೆ ತೋಡಿದ್ದು. ಆ ಕಾಲುವೆ ಇದ್ದ ಕಡೆ ನೀರು ಹೋಯಿತು. ಮುಚ್ಚಿದ್ದ ಕಡೆ ಹೊಲಕ್ಕೆ ನುಗ್ಗಿತು, ಇಲ್ಲಾ ನಿಂತೇ ಹೋಯಿತು.

ಮಳೆ ನೀರಿಗೂ ಇದೇ ನಿಯಮ. ಹಾಳೂರು ಕೆರೆಯಿಂದ ನಮ್ಮ ಕೆರೆಗೆ ಬರೋ ಕಾಲುವೆ ನಕ್ಷೆಯಲ್ಲಿ ಒಂದು ಸರಪಳಿ ಅಗಲ ಇದೆ. ಸರಪಳಿ ಅಂದರೆ 33 ಅಡಿ, 16 ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ಜಾಗದಲ್ಲಿ ಈಗ ಎಷ್ಟಿದೆ ಅಂದರೆ ಕೆಲವು ಕಡೆ ಹತ್ತಡಿ, ಒಂದು ಕಡೆ ನಾನು ಎಗರಿ ದಾಟಬಹುದು. ಇನ್ನೊಂದು ಕಡೆ ಕಾಲುವೆನೇ ಇಲ್ಲ, ಟೊಮೆಟೊ ಸಾಲು ಇದೆ. ದೊಡ್ಡ ಮಳೆ ಬಂದಾಗ ಹಾಳೂರು ಕೆರೆ ಕೋಡಿ ಬಿದ್ದರೂ ನೀರು ರಸ್ತೆ ಹಿಡಿದು ಆ ಕಡೆ ಹಳ್ಳಕ್ಕೆ ಹೋಯಿತು, ನಮ್ಮ ಕೆರೆಗೆ ಬಂದಿದ್ದು ಮೊಣಕಾಲುದ್ದ. ಸಾವಿರ, ಸಾವಿರದೈನೂರು ಅಡಿ ಬೋರು ಕೊರೆಸೋ ಜನ ನಾವು. ಮೇಲೆ ಬಂದ ನೀರನ್ನ ಪಕ್ಕಕ್ಕೆ ಕಳಿಸಿ ಕೆಳಗೆ ಹುಡುಕ್ತಾ ಇದ್ದೀವಿ.

ಕಾಲುವೆ ಉತ್ತವರನ್ನ ಕೇಳಿದೆ. ನಮ್ಮೂರಿನವರೇ, ನನಗೆ ಚಿಕ್ಕಪ್ಪ ಆಗಬೇಕು. ಜಗಳ ಏನಿಲ್ಲ, ಕಾಫಿ ಕುಡೀತಾನೇ ಮಾತು.

“ಅದು ನಮ್ಮೂರ ಕಾಲುವೆ ಅಲ್ಲಪ್ಪ, ಹಾಳೂರದ್ದು” ಅಂದರು.

“ಹಾಳೂರಲ್ಲಿ ಯಾರವ್ರೆ ಚಿಕ್ಕಪ್ಪ?”

“ಅದೇ ಹೇಳ್ತಿರೋದು. ಯಾರೂ ಇಲ್ಲ. ಕೇಳೋರು ಯಾರು?”

ಆಮೇಲೆ ಇನ್ನೊಂದು ಸೇರಿಕೊಂಡಿತು. ಗುಂಡುತೋಪಿನ ಪಕ್ಕದ ಜಮೀನು ಹೊರಗಿನವರಿಗೆ ಮಾರಾಟ ಆಯಿತು. ಒಂದು ದಿನ ಜೆಸಿಬಿ ಬಂದು ಬದು ತೆಗೀತು. ಬದುವಿನ ಜೊತೆ ಬಾಂದು ಕಲ್ಲು ಎರಡು ಹೋದವು. ಅದರಲ್ಲಿ ಒಂದು ನಮ್ಮೂರು, ಹಾಳೂರು, ಆ ಕಡೆ ಊರು, ಮೂರೂ ಸೇರೋ ಜಾಗದ ಕಲ್ಲು. ಮೂರು ಊರಿನ ಅಳತೆಗೂ ಆಧಾರ ಅದು. ಅದು ಹೋದ ಮೇಲೆ ಗುಂಡುತೋಪು ಎಲ್ಲಿ ಮುಗಿಯುತ್ತೆ ಅಂತ ಬರೀ ಕಣ್ಣಿಗೆ ಹೇಳೋಕಾಗಲ್ಲ.

ಆರು ಜನ ಸೇರಿ ಗ್ರಾಮ ಸಭೆಗೆ ನಕ್ಷೆ ತಗೊಂಡು ಹೋದ್ವಿ. ಯಾವ ಪಂಚಾಯಿತಿ, ಯಾರು ಅಧಿಕಾರಿ ಅಂತ ಬರೆಯಲ್ಲ, ಅವರದ್ದೊಬ್ಬರದೇ ತಪ್ಪೂ ಅಲ್ಲ. ನಾವು ವಿಷಯ ಹೇಳಿದ ಮೇಲೆ ಬಂದ ಮೊದಲ ಪ್ರಶ್ನೆ, “ಇದು ಯಾವ ವಾರ್ಡಿಗೆ ಬರುತ್ತೆ?” ಎರಡನೇ ಪ್ರಶ್ನೆ, “ಆ ಗ್ರಾಮದವರು ಯಾರು ಅರ್ಜಿ ಕೊಟ್ಟಿರೋದು?” ಸಭೆಯಲ್ಲಿ ನಗು. ನಾವೂ ನಕ್ಕಿದ್ವಿ. ಮನೆಗೆ ಬಂದ ಮೇಲೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಯಾಕೆ ಅಂದರೆ ಪ್ರಶ್ನೆ ಸರಿಯಾಗೇ ಇದೆ. 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಮೆಂಬರು. ಗ್ರಾಮ ಸಭೆ ಅಂದರೆ ಮತದಾರರ ಸಭೆ. ಹಾಳೂರಿನ ಜನಸಂಖ್ಯೆ ಸೊನ್ನೆ. ಸೊನ್ನೆಗೆ ಮೆಂಬರು ಇಲ್ಲ, ವಾರ್ಡು ಇಲ್ಲ, ಕ್ರಿಯಾ ಯೋಜನೆಯಲ್ಲಿ ಒಂದು ಸಾಲೂ ಇಲ್ಲ. ಕೆರೆ ಇದೆ, ಕಾಲುವೆ ಇದೆ, ತೋಪು ಇದೆ, ಓಟು ಇಲ್ಲ. ಅದರ ಪರವಾಗಿ ಕೈ ಎತ್ತೋರು ಯಾರು?

ಬೇರೆ ದೇಶದಲ್ಲಿ ಇಂಥಾ ಊರಿಗೆ ಏನು ಮಾಡ್ತಾರೆ ಅಂತ ಹುಡುಕಿ ಓದಿದೆ. ಇಂಗ್ಲೆಂಡಿನ ಹಳ್ಳಿ ಕಡೆ ಪ್ಯಾರಿಷ್ ಅಂತ ಒಂದು ವ್ಯವಸ್ಥೆ ಇದೆ. ಮೊದಲು ಒಂದು ಚರ್ಚಿಗೆ ಸೇರಿದ ಸೀಮೆ ಅಂತ ಅರ್ಥ. ಆ ಸೀಮೆಯ ರೈತರು ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಅಳೀಬೇಕಿತ್ತು. ಆಮೇಲೆ ಸರ್ಕಾರ ಒಂದೊಂದೇ ಕೆಲಸ ಅದರ ತಲೆಗೆ ಕಟ್ಟಿತು. 1555ರ ಕಾನೂನಿನಲ್ಲಿ ಊರ ರಸ್ತೆ ರಿಪೇರಿ ಆ ಪ್ಯಾರಿಷಿನವರದ್ದೇ, ವರ್ಷಕ್ಕೆ ನಾಲ್ಕು ದಿನ ಮೈಮುರಿದು ಕೆಲಸ ಮಾಡಬೇಕು ಅಂತಾಯಿತು. ನಮ್ಮ ಕಡೆ ಕೆರೆ ಕೆಲಸಕ್ಕೆ ಮನೆಗೊಬ್ಬ ಆಳು ಅಂತ ಇರಲಿಲ್ವಾ, ಹಾಗೇ. 1601ರಲ್ಲಿ ಬಡವರನ್ನ ನೋಡ್ಕೊಳ್ಳೋ ಜವಾಬ್ದಾರಿನೂ ಅದಕ್ಕೇ ಬಂತು. 1894ರಲ್ಲಿ ಚರ್ಚಿನಿಂದ ಬೇರೆ ಮಾಡಿ ಪ್ಯಾರಿಷ್ ಕೌನ್ಸಿಲ್ ಅಂತ ಮಾಡಿದರು, ನಮ್ಮ ಗ್ರಾಮ ಪಂಚಾಯಿತಿಗಿಂತ ಸಣ್ಣದು. ಜನ ತೀರಾ ಕಮ್ಮಿ ಇರೋ ಪ್ಯಾರಿಷ್‌ಗೆ ಕೌನ್ಸಿಲ್ ಇರಲ್ಲ. ಅಲ್ಲಿ ಇರೋ ಮತದಾರರೆಲ್ಲಾ ಸೇರಿ ಸಭೆ ಮಾಡಿದರೆ ಅದೇ ಪಂಚಾಯಿತಿ. ಸಣ್ಣದು ಅಂತ ದೊಡ್ಡದರಲ್ಲಿ ಕರಗಿ ಹೋಗೋಕೆ ಬಿಡಲ್ಲ, ನಾಲ್ಕು ಮನೆ ಇದ್ದರೂ ಒಂದು ಸಭೆ.

ಅಲ್ಲೂ ಹಾಳೂರು ಇದ್ದಾವೆ. ಯಾರ್ಕ್‌ಶೈರ್ ಕಡೆ ವಾರಮ್ ಪರ್ಸಿ ಅಂತ ಒಂದು. ಕುರಿ ಸಾಕಿದರೆ ಲಾಭ ಅಂತ ಜಮೀನುದಾರರು ಕೊನೆಗೆ ಉಳಿದ ಒಕ್ಕಲನ್ನೂ ಎಬ್ಬಿಸಿದರು, 1500ರ ಸುಮಾರಿಗೆ ಊರು ಖಾಲಿ. 1950ರಿಂದ ನಲವತ್ತು ವರ್ಷ ಅಲ್ಲಿ ಅಗೆದು ಮನೆ ಪಾಯ, ಮಡಕೆ ಚೂರು ಎಲ್ಲಾ ನೋಡಿದ್ದಾರೆ. ನನಗೆ ಹಿಡಿಸಿದ್ದು ಬೇರೆ. ಊರು ಹೋದ ಮೇಲೂ ಅಲ್ಲಿನ ಚರ್ಚು ನಾನೂರು ವರ್ಷಕ್ಕಿಂತ ಹೆಚ್ಚು ನಡೀತು. ಪಕ್ಕದ ಊರಿನವರು ಅಲ್ಲಿಗೇ ಹೋಗ್ತಿದ್ದರು, ಸತ್ತೋರನ್ನ ಅಲ್ಲೇ ಮಣ್ಣು ಮಾಡ್ತಿದ್ದರು. ನಮ್ಮ ಮಾರಮ್ಮನ ಕಥೆನೇ, ದೇಶ ಬೇರೆ ಅಷ್ಟೆ.

ಆ ಪ್ಯಾರಿಷ್‌ಗಳಲ್ಲಿ ಇನ್ನೊಂದು ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಬೇಸಿಗೆ ಮುಂಚೆ ಒಂದು ದಿನ ಊರಿನವರೆಲ್ಲಾ ಸೇರಿ ಗಡಿ ಸುತ್ತೋದು. ನಕ್ಷೆ ಇಲ್ಲದ ಕಾಲದ್ದು. ಕೈಯಲ್ಲಿ ಕೋಲು ಹಿಡ್ಕೊಂಡು ಪ್ರತಿ ಗಡಿಕಲ್ಲಿಗೂ ಬಡೀತಾರೆ. ಸಣ್ಣ ಹುಡುಗರನ್ನ ಕರ್ಕೊಂಡು ಹೋಗಿ ಕಲ್ಲಿಗೆ ಕುಕ್ಕಿ ಎಬ್ಬಿಸ್ತಿದ್ದರಂತೆ, ಏಟು ನೆನಪಿದ್ದರೆ ಕಲ್ಲೂ ನೆನಪಿರುತ್ತೆ ಅಂತ. ಆ ಹುಡುಗ ಮುದುಕ ಆದ ಮೇಲೂ ಸಾಕ್ಷಿ ಹೇಳಬೇಕಲ್ಲ.

ಇದನ್ನ ಓದಿ ನಗಬೇಡಿ, ನಮ್ಮಲ್ಲಿ ಇದಕ್ಕಿಂತ ಗಟ್ಟಿ ಪದ್ಧತಿ ಇತ್ತು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಮೆಕೆಂಜಿ ಅನ್ನೋ ಇಂಗ್ಲಿಷ್ ಅಧಿಕಾರಿ ಬರೆದಿಟ್ಟಿದ್ದಾರೆ. ಎರಡು ಊರಿಗೆ ಗಡಿ ಜಗಳ ಬಂದರೆ ತೀರ್ಪು ಹೇಳ್ತಿದ್ದವನು ಊರ ಕುಳವಾಡಿ, ಅಂದರೆ ಹೊಲೆಯರ ಮನೆಯ ಮನುಷ್ಯ. ಅವನು ಊರ ಮಣ್ಣಿನ ಉಂಡೆ ತಲೆ ಮೇಲೆ ಇಟ್ಕೊಂಡು ಗಡಿ ಹಿಡಿದು ನಡೀಬೇಕು. ಸುಳ್ಳು ಗಡಿ ತುಳಿದರೆ ಉಂಡೆ ಒಡೆದು ಅವನ ಮನೆ ಹಾಳಾಗುತ್ತೆ ಅನ್ನೋ ನಂಬಿಕೆ. ಅವನು ನಡೆದಿದ್ದೇ ಗಡಿ, ಗೌಡನೂ ಎದುರು ಮಾತಾಡೋ ಹಾಗಿಲ್ಲ. ಊರಿಂದ ಆಚೆ ಇಟ್ಟ ಮನುಷ್ಯನ ಮಾತಿಗೆ ಊರ ಗಡಿ ನಿಂತಿತ್ತು. ಅವನ ಹೆಸರಲ್ಲಿ ಆ ಗಡಿ ಒಳಗೆ ಎಷ್ಟು ಭೂಮಿ ಇತ್ತು ಅಂತ ಯೋಚನೆ ಮಾಡಿ.

ದಾನ ಕೊಟ್ಟ ಭೂಮಿಗೆ ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು ನೆಡೋದು ಇತ್ತು, ಈಗಲೂ ನಮ್ಮ ಹೊಲಗಳಲ್ಲಿ ಸಿಗ್ತಾವೆ. ಆಮೇಲೆ ಶಾನುಭೋಗರ ಲೆಕ್ಕ ಬಂತು. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ, ಇವರಿಗೆಲ್ಲಾ ಗಡಿ, ತೂಬು, ಕಾಲುವೆ ಬಾಯಿಪಾಠ. ವಂಶಪಾರಂಪರ್ಯದ ಆ ಕೆಲಸಗಳನ್ನ ಸರ್ಕಾರ 1961ರ ಕಾನೂನು ಮಾಡಿ 1963ರಿಂದ ತೆಗೀತು. ತೆಗೆದಿದ್ದು ಒಳ್ಳೇದೇ. ಹುಟ್ಟಿದ ಮನೆ ನೋಡಿ ಒಬ್ಬನ ಕೈಗೆ ಲೆಕ್ಕ, ಒಬ್ಬನ ಕೈಗೆ ಪೊರಕೆ ಕೊಡೋ ಪದ್ಧತಿ ವಾಪಸ್ ಬರಬೇಕು ಅಂತ ನಾನು ಹೇಳಲ್ಲ. ಆದರೆ ಅವರ ಕಾಲಲ್ಲಿದ್ದ ಗಡಿ ಜ್ಞಾನ ಯಾರ ಕಾಲಿಗೆ ಬಂತು? ಬಂದಿಲ್ಲ. ಕಂಪ್ಯೂಟರಿಗೆ ಹೋಯಿತು. ಈಗ ಒಬ್ಬ ವಿ.ಎ.ಗೆ ಎಷ್ಟೋ ಊರು. ಜನ ಇರೋ ಊರಿಗೇ ಸುತ್ತೋಕೆ ಅವರಿಗೆ ಪುರಸೊತ್ತಿಲ್ಲ, ದೀಪ ಇಲ್ಲದ ಊರಿಗೆ ಯಾವಾಗ ಬರ್ತಾರೆ?

ಅದಕ್ಕೇ ನಾನು ಹೇಳೋದು ಒಂದೇ. ಹಾಳೂರಿಗೆ ವಾರಸುದಾರರು ಅಂದರೆ ಅದರ ಸುತ್ತ ಇರೋ ನಾವೇ. ಅಲ್ಲಿ ಉಳುಮೆ ಮಾಡೋರು, ಅದರ ಕೋಡಿ ನೀರು ಕುಡಿಯೋ ಕೆರೆಯೋರು, ಆ ಮಾರಮ್ಮಂಗೆ ದೀಪ ಇಡೋರು. ಅದರ ಪರವಾಗಿ ನಾವು ಕೈ ಎತ್ತದಿದ್ದರೆ ಕೈ ಎತ್ತೋಕೆ ಅಲ್ಲಿ ಬೇರೆ ಯಾರೂ ಇಲ್ಲ.

ನಾವು ಮಾಡಿದ್ದು, ಮಾಡ್ತಿರೋದು ಬರೀತೀನಿ. ನಿಮ್ಮೂರಲ್ಲೂ ಮಾಡಬಹುದು.

ಮೊದಲು ನಕ್ಷೆ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಗ್ರಾಮ ನಕ್ಷೆ ಸಿಗುತ್ತೆ. ಬೇಚರಾಕ್ ಗ್ರಾಮಕ್ಕೂ ಇರುತ್ತೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಆಮೇಲೆ ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡರೆ ನೀವು ನಿಂತಿರೋ ಜಾಗ ಯಾವ ಸರ್ವೆ ನಂಬರು ಅಂತ ತೋರಿಸುತ್ತೆ. ಅದನ್ನ ಹಿಡ್ಕೊಂಡು ಯಾರ ಜೊತೆನೂ ಗಡಿ ಜಗಳ ಮಾಡಬೇಡಿ, ಹತ್ತಿಪ್ಪತ್ತು ಅಡಿ ಆ ಕಡೆ ಈ ಕಡೆ ಆಗುತ್ತೆ. ದಾರಿ ತೋರಿಸೋಕೆ ಸಾಕು. ಪಕ್ಕಾ ಅಳತೆ ಸರ್ವೆಯರ್ ಬಂದೇ ಆಗಬೇಕು. ಕಾಲುವೆ, ತೋಪು ಸರ್ಕಾರಿ ಜಾಗ, ಅದರ ಅಳತೆಗೆ ತಹಶೀಲ್ದಾರ್‌ಗೆ ಅರ್ಜಿ ಕೊಡಬೇಕು. ಒಬ್ಬರೇ ಕೊಡಬೇಡಿ, ಹತ್ತು ಸಹಿ ಇರಲಿ.

ಎರಡನೇದು ನಡೆಯೋದು. ನಾವು ಹನ್ನೊಂದು ಜನ ಬೆಳಿಗ್ಗೆ ಆರಕ್ಕೆ ಹೊರಟು ಕೆರೆ ಕೋಡಿಯಿಂದ ಶುರು ಮಾಡಿ ಹಾಳೂರು ಗಡಿ ಅರ್ಧ ಸುತ್ತಿದ್ವಿ. ಬಿಸಿಲು ಏರಿದ್ದಕ್ಕೆ ಇನ್ನರ್ಧ ಬಾಕಿ. ನಮ್ಮ ಜೊತೆ ಬಂದಿದ್ದು ಹಿಂದೆ ತೋಟಿ ಕೆಲಸ ಮಾಡಿದ ಮನೆಯ ಹಿರಿಯರು. ಅವರಪ್ಪ ಅವರಿಗೆ ತೋರಿಸಿದ್ದ ಕಲ್ಲುಗಳನ್ನ ಲಾಂಟಾನ ಒಳಗಿಂದ ಹುಡುಕಿ ತೋರಿಸಿದರು. ಒಂಬತ್ತು ಕಲ್ಲು ಸಿಕ್ಕವು, ನಾಲ್ಕು ಇರಬೇಕಾದ ಕಡೆ ಇಲ್ಲ. ಸಿಕ್ಕಿದ್ದಕ್ಕೆಲ್ಲಾ ಸುಣ್ಣ ಬಳಿದು, ಫೋಟೊ ತೆಗೆದು, ಸರ್ವೆ ನಂಬರು ಬರ್ಕೊಂಡಿದ್ದೀವಿ. ಜಮೀನಿನ ಗಡಿಕಲ್ಲು ಕಾಪಾಡೋ ಹೊಣೆ ಜಮೀನಿನವನದ್ದೇ ಅಂತ 1964ರ ಭೂಕಂದಾಯ ಕಾನೂನು ಹೇಳುತ್ತೆ. ಕಲ್ಲು ಹೋಯಿತು ಅಂತ ಕೈಚೆಲ್ಲೋ ಹಾಗಿಲ್ಲ.

ಮೂರನೇದು ಬಹಳ ಸೂಕ್ಷ್ಮ. ಹಾಳೂರಿನ ಗೋಮಾಳದಲ್ಲಿ ಎರಡು ಎಕರೆ, ಒಂದೂವರೆ ಎಕರೆ ಉಳುಮೆ ಮಾಡ್ಕೊಂಡು ಬದುಕ್ತಿರೋ ಮನೆಗಳಿದ್ದಾವೆ. ಫಾರಂ 50, 53, 57 ಹಾಕಿ ವರ್ಷಾನುಗಟ್ಟಲೆ ಕಾಯ್ತಿದ್ದಾರೆ. ಬೇರೆ ಭೂಮಿ ಅವರಿಗಿಲ್ಲ. ನಮ್ಮ ನಡಿಗೆ ಅವರ ಹೊಟ್ಟೆ ಮೇಲೆ ಕಲ್ಲು ಹಾಕೋಕಲ್ಲ ಅಂತ ಮೊದಲೇ ಅವರ ಮನೆಗೆ ಹೋಗಿ ಹೇಳಿದ್ವಿ. ಈಗ ಅವರಲ್ಲಿ ಮೂರು ಜನ ನಮ್ಮ ಜೊತೆ ನಡೀತಾರೆ. ನಾವು ಕೇಳ್ತಿರೋದು ಕೆರೆ, ಕಾಲುವೆ, ದಾರಿ, ತೋಪು, ಇಷ್ಟೇ. ಇವು ನಾಲ್ಕು ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರೆ ಊರು ಎರಡು ಭಾಗ ಆಗುತ್ತೆ, ಕಾಲುವೆ ಹಾಗೇ ಉಳಿಯುತ್ತೆ.

ನಾಲ್ಕನೇದು ಬರವಣಿಗೆ. ಗ್ರಾಮ ಸಭೆಯಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಅರ್ಜಿ ಬರ್ಕೊಂಡು ಹೋಗಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ನೋಡಿ ಆಮೇಲೆ ಸಹಿ ಹಾಕಿ. ಯಾವ ವಾರ್ಡು ಅಂತ ಕೇಳಿದರೆ ನಿಮ್ಮ ವಾರ್ಡಿನ ಹೆಸರೇ ಹೇಳಿ. ನೀರು ಬರೋದು ನಮ್ಮ ಕೆರೆಗೆ, ಆದ್ದರಿಂದ ಇದು ನಮ್ಮ ವಾರ್ಡಿನ ಕೆಲಸ. ನಾವು ಎರಡನೇ ಸಲ ಹಾಗೇ ಹೇಳಿದ್ವಿ, ಬರ್ಕೊಂಡರು. ಇನ್ನೊಂದು ಗಮನದಲ್ಲಿ ಇಟ್ಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಜಾಸ್ತಿ ಇರೋ ಕೆರೆ ಸಣ್ಣ ನೀರಾವರಿ ಇಲಾಖೆಯದ್ದು, ಅದಕ್ಕಿಂತ ಕಮ್ಮಿ ಇರೋದು ಪಂಚಾಯಿತಿ ಕಡೆಯದ್ದು. ಹಾಳೂರುಗಳ ಕೆರೆ ಬಹುಪಾಲು ಸಣ್ಣವು. ಅರ್ಜಿ ತಪ್ಪು ಬಾಗಿಲಿಗೆ ಹೋದರೆ ಆರು ತಿಂಗಳು ಹೋಯಿತು.

ಫಲ ಏನಾಯಿತು ಅಂತ ಕೇಳ್ತೀರ. ಇನ್ನೂ ಅಳತೆ ಆಗಿಲ್ಲ. ಮೂರು ಊರು ಸೇರೋ ಕಲ್ಲು ವಾಪಸ್ ನೆಟ್ಟಿಲ್ಲ. ಜಮೀನು ತಗೊಂಡವರು ಆ ಜಾಗಕ್ಕೆ ತಂತಿ ಬೇಲಿ ಕಂಬ ತಂದು ಹಾಕವ್ರೆ, ಇನ್ನೂ ನೆಟ್ಟಿಲ್ಲ. ಅವರಿಗೂ ಅರ್ಜಿ ವಿಷಯ ಗೊತ್ತಾಗಿದೆ. ನಮ್ಮ ಚಿಕ್ಕಪ್ಪ ಮಾತ್ರ ಮೊನ್ನೆ ಬಂದು, “ಈ ಬೆಳೆ ಕಿತ್ತ ಮೇಲೆ ಆ ಎರಡು ಸಾಲು ಬಿಡ್ತೀನಿ, ಆದರೆ ಮೇಲಿನವನೂ ಬಿಡಬೇಕು” ಅಂದರು. ನ್ಯಾಯವಾದ ಮಾತು. ಮೇಲಿನವರ ಹತ್ತಿರ ಈ ವಾರ ಹೋಗ್ತಿದ್ದೀವಿ.

ಉಳಿದ ಅರ್ಧ ಗಡಿ ಮುಂಗಾರು ಹಿಡಿಯೋದರೊಳಗೆ ಸುತ್ತಬೇಕು, ಮಳೆ ಬಿದ್ದರೆ ಗಿಡ ಬೆಳೆದು ಕಲ್ಲು ಕಾಣಲ್ಲ. ಹತ್ತಿರದ ಊರಿನವರು ಬರೋದಾದರೆ ಬನ್ನಿ. ಮಚ್ಚು, ಒಂದು ಬಕೆಟ್ ಸುಣ್ಣ, ಕುಡಿಯೋ ನೀರು ತನ್ನಿ. ಮಕ್ಕಳಿಗೆ ಶಾಲೆ ರಜ ಇದ್ದರೆ ಅವರನ್ನೂ ಕರ್ಕೊಂಡು ಬನ್ನಿ. ಕಲ್ಲಿಗೆ ಕುಕ್ಕೋದೇನೂ ಬೇಡ, ಸುಣ್ಣ ಬಳಿಯೋ ಕೆಲಸ ಅವರಿಗೇ ಕೊಡೋಣ. ತಿಂಡಿಗೆ ಹುಣಸೆ ಮರದ ಕೆಳಗೆ ಚಿತ್ರಾನ್ನ, ಅದು ನನ್ನ ಲೆಕ್ಕ.